ಸ್ಪೀಕರ್ ಗ್ರಿಲ್ ಇರಲೋ, ತೆಗೆಯಲೋ: ಈ ಜಗಳ ಶುರುವಾದದ್ದು ಹೇಗೆ?

ಹಾಡು ಕೇಳುವ ಹುಚ್ಚಿರುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಬ್ಬರು ಸ್ಪೀಕರ್ ಮುಂದಿನ ಬಟ್ಟೆಯ ಗ್ರಿಲ್ ತೆಗೆದು ಅಟ್ಟಕ್ಕೆ ಹಾಕಿರುತ್ತಾರೆ. ಇನ್ನೊಬ್ಬರು ಅದನ್ನು ಮುಟ್ಟಿಯೇ ಇರುವುದಿಲ್ಲ. ಮೊದಲನೆಯವರಿಗೆ ಗ್ರಿಲ್ ಅಂದರೆ ಸ್ವರಕ್ಕೆ ಮುಸುಕು ಹಾಕಿದ ಹಾಗೆ. ಎರಡನೆಯವರಿಗೆ ಇದೆಲ್ಲ ಬರೀ ಭ್ರಮೆ. ಇಬ್ಬರ ಮಾತಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಜಗಳಕ್ಕೆ ಸಿಕ್ಕಿದ ಆ ಬಟ್ಟೆ ಮಾತ್ರ ಬಹುಮಟ್ಟಿಗೆ ನಿರಪರಾಧಿ.

ಮನೆಯೊಳಗೆ ಯಂತ್ರದಿಂದ ಹಾಡು ಕೇಳುವ ಚರಿತ್ರೆಯಲ್ಲಿ ಮೊದಲ ಕೆಲವು ದಶಕ ಈ ಪ್ರಶ್ನೆ ಹುಟ್ಟುವ ಸಂದರ್ಭವೇ ಇರಲಿಲ್ಲ. ಗ್ರಾಮಫೋನಿನ ದೊಡ್ಡ ಕಹಳೆ ಹೊರಗೇ ಚಾಚಿಕೊಂಡಿರುತ್ತಿತ್ತು. ನಡುಮನೆಯಲ್ಲಿ ಅದು ಜಾಗ ತಿನ್ನುತ್ತಿತ್ತು, ಎಲ್ಲರ ಕಣ್ಣಿಗೂ ಹಿಡಿಸುತ್ತಿರಲಿಲ್ಲ. 1906ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ ವಿಕ್ಟ್ರೋಲಾ ಎಂಬ ಪೆಟ್ಟಿಗೆ ತಂದಿತು. ಕಹಳೆಯನ್ನು ಮಡಚಿ ಬೀರುವಿನಂಥ ಪೆಟ್ಟಿಗೆಯೊಳಗೆ ಕೂರಿಸಿ, ಮುಂದೆ ಪುಟ್ಟ ಬಾಗಿಲು ಇಟ್ಟರು. ಸದ್ದು ಜಾಸ್ತಿ ಬೇಕಾದರೆ ಬಾಗಿಲು ತೆರೆಯಬೇಕು, ಕಡಿಮೆ ಬೇಕಾದರೆ ಮುಚ್ಚಬೇಕು. ಯಂತ್ರ ಕಾಣಬಾರದು, ಪೀಠೋಪಕರಣ ಕಾಣಬೇಕು ಎಂಬ ಆಸೆ ಅಲ್ಲಿಂದ ಬಹಳ ಕಾಲ ನಡೆಯಿತು.

1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿನ ಸ್ಪೀಕರಿನ ಮೂಲರೂಪವನ್ನು ಜಗತ್ತಿನ ಮುಂದಿಟ್ಟರು. ಕಾಗದದ ಕೋನ್, ಅದರ ಬುಡದಲ್ಲಿ ತಂತಿ ಸುರುಳಿ, ಸುತ್ತ ಅಯಸ್ಕಾಂತ ಕ್ಷೇತ್ರ. ಕಾಗದ ಅಂದಮೇಲೆ ಬೆರಳು ತಗುಲಿದರೆ ತೂತು. ಜೊತೆಗೆ ಕರೆಂಟಿನಲ್ಲಿ ನಡೆಯುವ ವಾಲ್ವ್ ರೇಡಿಯೊದೊಳಗೆ ಕೈಗೆ ತಗುಲಬಾರದ ವೋಲ್ಟೇಜ್ ಇರುತ್ತಿತ್ತು. ಹಾಗಾಗಿ ಮುಂದೆ ಬಟ್ಟೆ ಬಂತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಿಂದ ಪ್ರಸಾರ ಶುರುಮಾಡಿದ ಕಾಲದಲ್ಲೂ, ಆಮೇಲೆ ನಮ್ಮ ಮನೆಗಳಿಗೆ ಮರ್ಫಿ, ಫಿಲಿಪ್ಸ್ ರೇಡಿಯೊಗಳು ಬಂದಾಗಲೂ ನೇಯ್ದ ಬಟ್ಟೆಯ ಆ ಮುಖವೇ ರೇಡಿಯೊದ ಮುಖ. ಅದನ್ನು ಕಿತ್ತು ಕೇಳೋಣ ಅಂತ ಯಾರಿಗೆ ಅನಿಸೀತು?

ಅನಿಸಿದ್ದರೂ ಪ್ರಯೋಜನ ಕಡಿಮೆಯೇ. ಬಟ್ಟೆ ಅಷ್ಟಿಷ್ಟು ತಡೆಯುವುದು ತೀರಾ ಮೇಲಿನ ಸ್ವರಗಳನ್ನು, ಅಂದರೆ ಟ್ರೆಬಲ್ ಅನ್ನು. ಮೀಡಿಯಂ ವೇವ್ ಪ್ರಸಾರದಲ್ಲಿ 5,000 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 5,000 ಕಂಪನಕ್ಕಿಂತ ಮೇಲೆ ಕೇಳುವುದು ಬಹಳ ಕಡಿಮೆ. ಇಲ್ಲದ್ದನ್ನು ಬಟ್ಟೆ ಹೇಗೆ ತಡೆದೀತು?

ಜಗಳಕ್ಕೆ ಟ್ರೆಬಲ್ ಬೇಕಿತ್ತು. 1948ರಲ್ಲಿ ಎಲ್‌ಪಿ ರೆಕಾರ್ಡ್ ಬಂತು. 1958ರ ಹೊತ್ತಿಗೆ ಸ್ಟೀರಿಯೊ ರೆಕಾರ್ಡುಗಳು ಅಂಗಡಿಗೆ ಬಂದವು. ಅದೇ ವರ್ಷ ಎಡ್ಗರ್ ವಿಲ್ಚರ್ ಅವರ ಅಕೌಸ್ಟಿಕ್ ರಿಸರ್ಚ್ ಕಂಪನಿ ಎಆರ್-3 ಸ್ಪೀಕರಿನಲ್ಲಿ ಗುಮ್ಮಟದಾಕಾರದ ಪುಟ್ಟ ಡೋಮ್ ಟ್ವೀಟರ್, ಅಂದರೆ ಮೇಲಿನ ಸ್ವರಕ್ಕೆಂದೇ ಇರುವ ಚಿಕ್ಕ ಸ್ಪೀಕರ್, ಕೂರಿಸಿತು. ಮೇಲಿನ ಸ್ವರ ಈಗ ಕಿವಿಗೆ ಚೆನ್ನಾಗಿ ಸಿಗತೊಡಗಿತು. ಮುಂದಿನ ಬಟ್ಟೆಯ ಬಗ್ಗೆ ಅನುಮಾನವೂ ಬೆಳೆಯಿತು.

ಅನುಮಾನ ಬಟ್ಟೆಯ ಮೇಲೆ ಬಂದರೂ ತಪ್ಪು ಜಾಸ್ತಿ ಇದ್ದದ್ದು ಅದರ ಚೌಕಟ್ಟಿನಲ್ಲಿ. 10,000 ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ಸುಮಾರು 3.4 ಸೆಂಟಿಮೀಟರ್. 5,000ಕ್ಕೆ ಸುಮಾರು 7. ಗ್ರಿಲ್ ಬಟ್ಟೆಯನ್ನು ಬಿಗಿಯುವ ಮರದ ಅಥವಾ ಪ್ಲಾಸ್ಟಿಕ್ ಚೌಕಟ್ಟಿನ ದಪ್ಪ ಒಂದೂವರೆ, ಎರಡು ಸೆಂಟಿಮೀಟರ್ ಇರುವುದು ಮಾಮೂಲು. ಎರಡೂ ಹತ್ತಿರಹತ್ತಿರದ ಅಳತೆ. ಕಾಲುವೆಯಲ್ಲಿ ಹೋಗುವ ಅಲೆ ಕಲ್ಲಿನ ಅಂಚಿಗೆ ತಾಗಿ ಇನ್ನೊಂದು ಅಲೆ ಎಬ್ಬಿಸುತ್ತದಲ್ಲ, ಟ್ವೀಟರಿನ ಸ್ವರವೂ ಚೌಕಟ್ಟಿನ ಅಂಚಿಗೆ ತಾಗಿ ಹಾಗೇ ಮಾಡುತ್ತದೆ. ಈ ಎರಡನೇ ಅಲೆ ಚೂರು ತಡವಾಗಿ ಕಿವಿಗೆ ಬಂದು ಮೊದಲನೆಯದರ ಜೊತೆ ಸೇರುತ್ತದೆ. ಕೆಲವು ಸ್ವರ ಏರುತ್ತವೆ, ಕೆಲವು ಇಳಿಯುತ್ತವೆ. 100 ಹರ್ಟ್ಸ್‌ನ ಬೇಸ್, ಅಂದರೆ ಕೆಳಗಿನ ಸ್ವರದ ಅಲೆಗೆ 3.4 ಮೀಟರ್ ಉದ್ದ, ಅದಕ್ಕೆ ಈ ಅಂಚು ಲೆಕ್ಕಕ್ಕೇ ಇಲ್ಲ. ಗ್ರಿಲ್ ತೆಗೆದ ಕೂಡಲೇ ಬೇಸ್ ಜಾಸ್ತಿಯಾಯಿತು ಅನ್ನುವವರನ್ನು ನಗುತ್ತಾ ನಂಬದಿರಬಹುದು.

ಅಂಚು ಇಷ್ಟೆಲ್ಲ ಮಾಡುತ್ತದೆ ಎಂಬುದು ಆಗಲೇ ಗೊತ್ತಿತ್ತು. ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಬೇರೆ ಬೇರೆ ಆಕಾರದ ಪೆಟ್ಟಿಗೆಗಳಲ್ಲಿ ಸ್ಪೀಕರ್ ಕೂರಿಸಿ ಅಳೆದಿದ್ದರು. ಗೋಲದಲ್ಲಿ ಸ್ವರ ಸಮವಾಗಿ ಬಂತು, ಚೂಪಾದ ಅಂಚಿನ ಚೌಕ ಪೆಟ್ಟಿಗೆಯಲ್ಲಿ ಏರಿಳಿತ ಜಾಸ್ತಿ ಬಂತು. ಗ್ರಿಲ್ ಚೌಕಟ್ಟು ಅಂದರೆ ಟ್ವೀಟರಿನ ಪಕ್ಕದಲ್ಲೇ ಹೊಸದಾಗಿ ನಾಲ್ಕು ಅಂಚು ತಂದಿಟ್ಟ ಹಾಗೆ ತಾನೆ? ಸಾಮಾನ್ಯವಾಗಿ ಈ ವ್ಯತ್ಯಾಸ ಒಂದೆರಡು ಡೆಸಿಬಲ್ ಇರುತ್ತದೆ. ಗಮನ ಕೊಟ್ಟರೆ ಕೇಳುತ್ತದೆ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಕೇಳುವವರಿಗೆ ಗೊತ್ತೂ ಆಗುವುದಿಲ್ಲ.

1970ರ ದಶಕದಲ್ಲಿ ದಾರಿ ಎರಡಾಯಿತು. ಕ್ಯಾಲಿಫೋರ್ನಿಯಾದ ಜೆಬಿಎಲ್ ತನ್ನ 4310 ಸ್ಟುಡಿಯೊ ಮಾನಿಟರನ್ನು (ಸ್ಟುಡಿಯೊದಲ್ಲಿ ಕೇಳಿ ಪರೀಕ್ಷಿಸುವ ಸ್ಪೀಕರ್) ಮನೆಗೆ ಒಗ್ಗಿಸಿ 1970ರಲ್ಲಿ ಎಲ್100 ತಂದಿತು. ಮುಂದೆ ಚೌಕ ಚೌಕವಾಗಿ ಉಬ್ಬಿದ ಕಿತ್ತಳೆ, ನೀಲಿ ಬಣ್ಣದ ಫೋಮ್. ಬಟ್ಟೆಯಂತೆ ತೆಳ್ಳಗಲ್ಲ, ನಾಚಿಕೆಯೂ ಇಲ್ಲ. ಅದನ್ನು ತೆಗೆದರೆ ಒಳಗೆ ಬೇಸ್ ನುಡಿಸುವ, ಬಿಳಿ ಕೋನಿನ ದೊಡ್ಡ ವೂಫರ್. ಫೋಮ್ ಮಾತ್ರ ಹತ್ತಾರು ವರ್ಷಕ್ಕೆ ಪುಡಿಪುಡಿಯಾಗಿ ಉದುರುತ್ತಿತ್ತು. ಹಾಗಾಗಿ ಹಳೆಯ ಎಲ್100 ಇಟ್ಟುಕೊಂಡ ಎಷ್ಟೋ ಜನರಿಗೆ ಗ್ರಿಲ್ ಇಲ್ಲದೆ ಕೇಳುವುದು ಆಯ್ಕೆಯಲ್ಲ, ಅನಿವಾರ್ಯ.

ಇಂಗ್ಲೆಂಡಿನಲ್ಲಿ ಬಿಬಿಸಿ ಇನ್ನೊಂದು ದಾರಿ ಹಿಡಿಯಿತು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡಲು ಅದಕ್ಕೆ ಚಿಕ್ಕ ಸ್ಪೀಕರ್ ಬೇಕಿತ್ತು. ಅದರ ಸಂಶೋಧನಾ ವಿಭಾಗ ಮಾಡಿದ ಎಲ್‌ಎಸ್3/5ಎ ಬರೀ 30 ಸೆಂಟಿಮೀಟರ್ ಎತ್ತರದ್ದು. ಈ ಲೇಖನಕ್ಕೆ ನನ್ನ ಮಟ್ಟಿಗೆ ಇದೇ ನಾಯಕ. ಟ್ವೀಟರ್ ಸುತ್ತ ಉಣ್ಣೆಯ ಫೆಲ್ಟ್ ಪಟ್ಟಿ ಅಂಟಿಸಿ, ಅಂಚಿಗೆ ಹೋಗುವ ಸ್ವರವನ್ನು ಹೀರುವಂತೆ ಮಾಡಿದರು. ಟೈಗನ್ ಎಂಬ ನೇಯ್ಗೆಯ ಗ್ರಿಲ್ ಮುಂದೆ ಇದ್ದೇ ಇರುತ್ತದೆ ಎಂದು ಲೆಕ್ಕ ಹಿಡಿದೇ ಸ್ವರ ಹದ ಮಾಡಿದರು. ಇಲ್ಲಿ ಗ್ರಿಲ್ ಆಮೇಲೆ ಹಾಕಿದ ಮುಸುಕಲ್ಲ, ಸ್ಪೀಕರಿನ ಒಂದು ಭಾಗ. ಅದನ್ನು ತೆಗೆದರೆ ಮೇಲಿನ ಸ್ವರ ಸ್ವಲ್ಪ ಜಾಸ್ತಿ ಕೇಳುತ್ತದೆ. ಆಹಾ, ಈಗ ಸ್ಪಷ್ಟವಾಯಿತು ಅನಿಸುತ್ತದೆ. ಆದರೆ ಅದು ಮಾಡಿದವರು ಬಯಸಿದ ಸ್ವರ ಅಲ್ಲ. ಆ ತಂಡದಲ್ಲಿದ್ದ ಡಡ್ಲಿ ಹಾರ್ವುಡ್ 1977ರಲ್ಲಿ ಹಾರ್ಬೆತ್ ಕಂಪನಿ ಕಟ್ಟಿದರು. ಗ್ರಿಲ್ ಹಾಕಿಯೇ ಕೇಳಿ ಎಂಬ ಮಾತು ಆ ಕಂಪನಿಯಿಂದ ಇವತ್ತಿಗೂ ಬರುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಕಥೆ ಯಮಾಹಾ ಎನ್‌ಎಸ್-10ದು. 1978ರಲ್ಲಿ ಮನೆಗೆಂದು ಬಂದ ಇದು ಮನೆಗಳಲ್ಲಿ ಸೋತಿತು, ಸ್ಟುಡಿಯೊಗಳಲ್ಲಿ ಗೆದ್ದಿತು. ಬಿಳಿ ಕೋನ್ ಕಾಣುವಂತೆ ಬೋಳಾಗಿ ಮಿಕ್ಸಿಂಗ್ ಮೇಜಿನ ಮೇಲೆ ಕೂತಿತು. ಆದರೆ ಟ್ರೆಬಲ್ ಕಿವಿಗೆ ಚುಚ್ಚುತ್ತಿತ್ತು. ಎಂಜಿನಿಯರುಗಳು ಏನು ಮಾಡಿದರು ಗೊತ್ತಾ? ಟ್ವೀಟರ್ ಮೇಲೆ ಟಿಷ್ಯೂ ಪೇಪರ್ ಅಂಟಿಸಿದರು! ಇದ್ದ ಗ್ರಿಲ್ ಬಿಟ್ಟು, ತಮ್ಮದೇ ಗ್ರಿಲ್ ಮಾಡಿಕೊಂಡ ಹಾಗಾಯಿತು. ಬಾಬ್ ಹೋಡಸ್ ಎಂಬ ಎಂಜಿನಿಯರ್ ಈ ಕಾಗದಗಳನ್ನೂ ಅಳೆದು ನೋಡಿದರು. ಕಾಗದ ಬದಲಾದರೆ ಫಲಿತಾಂಶವೂ ಬದಲಾಗುತ್ತಿತ್ತು.

ಆಮೇಲೆ ಕಣ್ಣಿನ ಕಾಲ ಬಂತು. ಬೋವರ್ಸ್ ಅಂಡ್ ವಿಲ್ಕಿನ್ಸ್‌ನ ಹಳದಿ ಕೆವ್ಲಾರ್ ಕೋನ್, ಇತರರ ಹೊಳೆಯುವ ಲೋಹದ ಕೋನ್. ಇಷ್ಟು ಚೆಂದದ್ದನ್ನು ಮುಚ್ಚಿಡಲು ಮಾರುವವರಿಗೂ ಮನಸ್ಸಿಲ್ಲ, ಕೊಂಡವರಿಗೂ ಇಲ್ಲ. ಪ್ಲಾಸ್ಟಿಕ್ ಗೂಟಗಳ ಜಾಗಕ್ಕೆ ಅಡಗಿಸಿಟ್ಟ ಅಯಸ್ಕಾಂತ ಬಂತು, ಗ್ರಿಲ್ ತೆಗೆದರೆ ಮುಖದ ಮೇಲೆ ತೂತೂ ಕಾಣದಂತಾಯಿತು. ಇದರ ಹಿಂದೆ ಕಿವಿಯ ಲೆಕ್ಕಕ್ಕಿಂತ ಫೋಟೊದ ಲೆಕ್ಕವೇ ಜಾಸ್ತಿ ಅನ್ನುವುದು ನನ್ನ ಗುಮಾನಿ.

ಕಣ್ಣು ಕಿವಿಯನ್ನು ಹೇಗೆ ಆಳುತ್ತದೆ ಎಂಬುದಕ್ಕೆ ಪುರಾವೆ ಇದೆ. ಹರ್ಮನ್ ಕಂಪನಿಯ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 40 ಜನ, ನಾಲ್ಕು ಸ್ಪೀಕರ್. ಪರದೆ ಹಾಕಿ ಕೇಳಿಸಿದಾಗ ಒಂದು ಅಂಕ, ಕಣ್ಣೆದುರು ಇಟ್ಟು ಕೇಳಿಸಿದಾಗ ಇನ್ನೊಂದು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಪೆಟ್ಟಿಗೆಗಳಿಗೆ ಅಂಕ ಏರಿತು, ಚಿಕ್ಕ ಅಗ್ಗದ ಸ್ಪೀಕರಿಗೆ ಇಳಿಯಿತು. ಗ್ರಿಲ್ ತೆಗೆದ ಕೂಡಲೇ ಕೇಳುವ ಹೊಸ ಸ್ಪಷ್ಟತೆಯಲ್ಲಿ ಎಷ್ಟು ಪಾಲು ಕಣ್ಣಿನದು ಎಂದು ಅನುಮಾನ ಪಡಲು ಇಷ್ಟು ಸಾಕು. ಅಂದಹಾಗೆ, ಸಿನಿಮಾ ಥಿಯೇಟರಿನಲ್ಲಿ ಮುಖ್ಯ ಸ್ಪೀಕರುಗಳು ಸಣ್ಣ ಸಣ್ಣ ತೂತಿನ ಪರದೆಯ ಹಿಂದೆಯೇ ಇರುತ್ತವೆ. ಅಲ್ಲಿ ಮುಸುಕು ತೆಗೆಯಿರಿ ಅಂತ ಯಾರೂ ಗಲಾಟೆ ಮಾಡುವುದಿಲ್ಲ. ಪರದೆ ತಿನ್ನುವ ಟ್ರೆಬಲ್ ಅನ್ನು ಮೊದಲೇ ಲೆಕ್ಕ ಹಿಡಿದು ಸರಿ ಮಾಡಿರುತ್ತಾರೆ.

ಕೆಲವು ಸ್ಪೀಕರುಗಳಲ್ಲಿ ಈ ಚರ್ಚೆಗೇ ಜಾಗ ಇಲ್ಲ. 1957ರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿನ ಲೋಹದ ಜಾಲರಿಯ ಹಿಂದೆ ಸಾವಿರಾರು ವೋಲ್ಟ್ ಇರುತ್ತದೆ, ಅದನ್ನು ತೆಗೆಯುವ ಸಾಹಸ ಬೇಡ. ಬೆರಿಲಿಯಂ ಟ್ವೀಟರ್ ಮುಂದಿನ ಲೋಹದ ಜಾಲರಿಯನ್ನೂ ಮುಟ್ಟಬಾರದು. ಬೆರಿಲಿಯಂ ಲೋಹ ಬೇಗ ಒಡೆಯುತ್ತದೆ, ಒಡೆದರೆ ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಈಗಿನ ಸ್ಮಾರ್ಟ್ ಸ್ಪೀಕರುಗಳಂತೂ ಸುತ್ತ ಬಟ್ಟೆ ಹೊದ್ದೇ ಬರುತ್ತವೆ.

ಉಳಿದ ಮಾಮೂಲಿ ಸ್ಪೀಕರಿಗೆ ಮೊದಲು ಅದರ ಕೈಪಿಡಿ ನೋಡಿ. ಹಾಕಿ ಅಂದಿದ್ದರೆ ಹಾಕಿ, ತೆಗೆಯಿರಿ ಅಂದಿದ್ದರೆ ಕೇಳುವಾಗ ತೆಗೆಯಿರಿ. ಏನೂ ಹೇಳಿಲ್ಲದಿದ್ದರೆ ಪರೀಕ್ಷೆ ಸುಲಭ. ಒಂದು ಸ್ಪೀಕರಿಗೆ ಗ್ರಿಲ್ ಹಾಕಿ, ಇನ್ನೊಂದಕ್ಕೆ ತೆಗೆದಿಡಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಮೋನೊದಲ್ಲಿ, ಅಂದರೆ ಎರಡರಿಂದಲೂ ಒಂದೇ ಸದ್ದು ಬರುವಂತೆ, ಒಂದೇ ಹಾಡು ಹಾಕಿ. ನೀವು ಕಣ್ಣು ಮುಚ್ಚಿ ಕೂತು, ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ಬ್ಯಾಲೆನ್ಸ್ ತಿರುಗಿಸುವ ಕೆಲಸ ಮನೆಯವರಿಗೆ ಕೊಡಿ. ಆಮೇಲೆ ಸ್ಪೀಕರುಗಳ ಜಾಗ ಅದಲುಬದಲು ಮಾಡಿ ಮತ್ತೊಮ್ಮೆ ಕೇಳಿ, ಯಾಕೆಂದರೆ ಗೋಡೆ, ಮೂಲೆಗಳೂ ಸ್ವರ ಬದಲಿಸುತ್ತವೆ. ತಾಳ, ಗೆಜ್ಜೆ, ಶ, ಸ ಅಕ್ಷರಗಳಲ್ಲಿ ವ್ಯತ್ಯಾಸ ಹುಡುಕಿ, ತಬಲಾದ ಬಾಯಾದಲ್ಲಿ ಅಲ್ಲ. ಗ್ರಿಲ್ ಇಲ್ಲದೆ ಕೇಳುವುದೇ ಹಿಡಿಸಿದರೂ ಹಾಡು ಮುಗಿದ ಮೇಲೆ ವಾಪಸ್ ಹಾಕಿಬಿಡಿ. ಬೇಸಿಗೆಯ ಧೂಳು ಒಂದು ಕಡೆ, ಮನೆಗೆ ಬರುವ ಮಕ್ಕಳು ಇನ್ನೊಂದು ಕಡೆ. ವೂಫರ್ ನಡುವಿನ ಉಬ್ಬಿದ ಬುರುಡೆ ಕಂಡರೆ ಒತ್ತದೆ ಬಿಡುವ ಮೂರು ವರ್ಷದ ಮಗು ಸಿಗುವುದು ಕಷ್ಟ.