ರೂಬ್ರಿಕ್ ಅಂದರೆ ಕೆಂಪು ಮಣ್ಣು

ಔಟ್‌ಪುಟ್ ಬಂತಾ? ಫುಲ್ ಮಾರ್ಕ್ಸ್. ಬರಲಿಲ್ವಾ? ಸೊನ್ನೆ. ಬಳ್ಳಾರಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನೂ ಬಹಳ ದಿನ ಲ್ಯಾಬ್ ಪರೀಕ್ಷೆಗೆ ಹೀಗೇ ಅಂಕ ಹಾಕಿದ್ದೆ. ಒಂದು ಸಲ ಸರಾಸರಿ ಕಂಡುಹಿಡಿಯುವ ಪ್ರೋಗ್ರಾಂ ಕೊಟ್ಟಿದ್ದೆ. ಒಬ್ಬ ಹುಡುಗ ಲೆಕ್ಕವನ್ನೇ ಮಾಡದೆ ಉತ್ತರವನ್ನು ನೇರ ಪ್ರಿಂಟ್ ಮಾಡಿಸಿ ಪೂರ್ತಿ ಅಂಕ ಹೊಡೆದ. ಪಕ್ಕದ ಹುಡುಗಿಯ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡಿಸುವ ಭಾಗ, ಒಂದು ಸುತ್ತು ಜಾಸ್ತಿ ತಿರುಗಿತ್ತು, ಅಷ್ಟೇ. ಅವಳಿಗೆ ಸೊನ್ನೆ.

ಇದಕ್ಕೆ ಮದ್ದು ರೂಬ್ರಿಕ್, ಅಂದರೆ ಯಾವ ಅಂಶಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟ ಪಟ್ಟಿ. ಲ್ಯಾಟಿನ್‌ನಲ್ಲಿ 'ರೂಬ್ರಿಕಾ' ಅಂದರೆ ಕೆಂಪು ಮಣ್ಣು. ಯುರೋಪಿನ ಹಳೇ ಕೈಬರಹದ ಪುಸ್ತಕಗಳಲ್ಲಿ ತಲೆಬರಹ, ಸೂಚನೆಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಹೆಸರು ಅಲ್ಲಿಂದ ಬಂತು. ಆ ಮಣ್ಣಿಗೆ ಕೆಂಪು ಕೊಡುವುದು ಹೆಮಟೈಟ್ ಎಂಬ ಕಬ್ಬಿಣದ ಅದಿರು. ಸಂಡೂರಿನ ಲಾರಿಗಳು ನಮ್ಮ ರಸ್ತೆ, ಮರ, ಅಂಗಿಗೆಲ್ಲ ಮೆತ್ತುವ ಅದೇ ಅದಿರು!

ಅದಿರನ್ನು ಬಣ್ಣ ನೋಡಿ ಯಾರಾದರೂ ಕೊಳ್ಳುತ್ತಾರಾ? ಸ್ಯಾಂಪಲ್ ತೆಗೆದು ಕಬ್ಬಿಣ ಎಷ್ಟು, ಸಿಲಿಕಾ ಎಷ್ಟು, ಅಲ್ಯುಮಿನಾ ಎಷ್ಟು ಅಂತ ಬೇರೆಬೇರೆ ಅಳೆಯುತ್ತಾರೆ. ಅಪ್ಪಟ ಹೆಮಟೈಟ್‌ನಲ್ಲೂ ಕಬ್ಬಿಣ ಶೇಕಡಾ 70ರ ಆಸುಪಾಸು. ನೂರಕ್ಕೆ ನೂರು ಅದಕ್ಕೂ ಸಿಗುವುದಿಲ್ಲ. ನಮ್ಮೂರಿನ ಜೀನ್ಸ್ ಪ್ಯಾಂಟೂ ಹಾಗೇ. ಹೊಲಿಗೆ ಬೇರೆ, ಜಿಪ್ ಬೇರೆ, ಅಳತೆ ಬೇರೆ ನೋಡಬೇಕು.

ಬೇರೆಬೇರೆ ಯಾಕೆ? 1920ರಲ್ಲಿ ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ ಇದನ್ನು ತೋರಿಸಿದ್ದ. ಸೇನೆಯ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರ ಬುದ್ಧಿ, ಮೈಕಟ್ಟು, ನಾಯಕತ್ವ, ಗುಣಕ್ಕೆ ಬೇರೆಬೇರೆ ಅಂಕ ಕೊಡಬೇಕಿತ್ತು. ಒಂದರಲ್ಲಿ ಚೆನ್ನಾಗಿದ್ದವನಿಗೆ ಉಳಿದದ್ದರಲ್ಲೂ ಜಾಸ್ತಿ ಬಿದ್ದಿತ್ತು. ನಮ್ಮಲ್ಲಿ ರೆಕಾರ್ಡ್ ಬುಕ್ಕಿನ ಮುದ್ದಾದ ಅಕ್ಷರ ಇದೇ ಕೆಲಸ ಮಾಡುತ್ತದೆ. ಅದಕ್ಕೇ ನಾನೀಗ ಒಬ್ಬೊಬ್ಬರ ಪೇಪರನ್ನು ಪೂರ್ತಿ ತಿದ್ದಿ ಮುಗಿಸುವುದಿಲ್ಲ. ಎಲ್ಲರದ್ದೂ ಲಾಜಿಕ್ ಮೊದಲು, ಆಮೇಲೆ ಎಲ್ಲರದ್ದೂ ಟೆಸ್ಟಿಂಗ್.

ಲೆಕ್ಕ, ಪ್ರೋಗ್ರಾಂಗಳಲ್ಲಿ ಸರಿ-ತಪ್ಪು ಸ್ಪಷ್ಟ, ಇದೆಲ್ಲ ಸುಮ್ನೆ ಅನ್ನುವವರಿದ್ದಾರೆ. 1913ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು 116 ಶಿಕ್ಷಕರಿಂದ ತಿದ್ದಿಸಿದರು. ಒಬ್ಬರು 30ಕ್ಕಿಂತ ಕಡಿಮೆ ಕೊಟ್ಟರೆ, ಇನ್ನೊಬ್ಬರು 90 ದಾಟಿಸಿದ್ದರು!

ಹಾಗಂತ ಟೇಬಲ್ ಹಾಕಿ 'ಉತ್ತಮ', 'ಸಾಧಾರಣ' ಅಂತ ಬರೆದರೆ ರೂಬ್ರಿಕ್ ಆಗುವುದಿಲ್ಲ. 'ಪಟ್ಟಿ ಖಾಲಿ ಇದ್ದಾಗ ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ಕೆಡುವುದಿಲ್ಲ: 2 ಅಂಕ.' ಹೀಗೆ ಬರೆದರೆ ಯಾರು ತಿದ್ದಿದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ.

ನಾನೂ ಎಡವಿದ್ದೇನೆ. ಪ್ರೋಗ್ರಾಂ ಓದುವವರಿಗಾಗಿ ಅದರೊಳಗೇ ಬರೆಯುವ ಟಿಪ್ಪಣಿಗೆ ಕಾಮೆಂಟ್ ಅನ್ನುತ್ತಾರೆ. 'ಕಾಮೆಂಟ್ ಬರೆದಿದ್ದರೆ 2 ಅಂಕ' ಅಂತ ಹಾಕಿದ್ದೇ ತಡ, ಸಾಲುಸಾಲಿಗೂ ಕಾಮೆಂಟ್ ಸುರಿಯಿತು. ಒಂದು ಕೂಡಿಸುವ ಸಾಲಿನ ಪಕ್ಕ 'ಇಲ್ಲಿ ಒಂದು ಕೂಡಿಸಲಾಗಿದೆ'! ಈಗ ಆ ಸಾಲನ್ನು ತಿದ್ದಿದ್ದೇನೆ: 'ಯಾಕೆ ಹೀಗೆ ಮಾಡಿದೆ ಅಂತ ಹೇಳುವ ಕಾಮೆಂಟಿಗೆ ಮಾತ್ರ.'