ಪದ ಪರಿಚಯ: ಆವಾಸ

ಜೀವವೈವಿಧ್ಯದ ಬರಹಗಳಲ್ಲಿ ‘ಆವಾಸ’ ಅಥವಾ ‘ಆವಾಸಸ್ಥಾನ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ವಾಸ, ನಿವಾಸಗಳಂತೆ ಇದೂ ‘ವಸ್’ ಧಾತುವಿನಿಂದ ಬಂದದ್ದರಿಂದ, ಪ್ರಾಣಿ ಇರುವ ಜಾಗ ಎಂದಷ್ಟೇ ತಿಳಿಯುವವರು ಹೆಚ್ಚು. ಪರಿಸರ ವಿಜ್ಞಾನಿಗಳು ಇದನ್ನು ಬಳಸುವುದು ಇನ್ನೂ ವಿಸ್ತಾರವಾದ ಅರ್ಥದಲ್ಲಿ: ಒಂದು ಜೀವಿ ಹುಟ್ಟಿ, ಬೆಳೆದು, ತನ್ನ ಸಂತತಿಯನ್ನು ಮುಂದುವರಿಸಲು ಬೇಕಾದ ನೀರು, ಮಣ್ಣು, ನೆರಳು, ಒಡನಾಡಿ ಜೀವಿಗಳೆಲ್ಲ ಕೂಡಿ ದೊರೆಯುವ ನೆಲೆಯೇ ಆವಾಸ. ಇವುಗಳಲ್ಲಿ ಒಂದು ತಪ್ಪಿದರೂ ಜಾಗ ಉಳಿದು ಆವಾಸ ಇಲ್ಲವಾಗಬಹುದು.

ಉತ್ತರ ಕನ್ನಡದಲ್ಲಿ ಇದಕ್ಕೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತೋರುವುದಿಲ್ಲ. ಅಲ್ಲಿನ ರಾಂಪತ್ರೆ ಜಡ್ಡಿ ಎಂದರೆ ಬೇಸಿಗೆಯಲ್ಲೂ ಹಳ್ಳದ ನೀರು ನಿಧಾನವಾಗಿ ಹರಡಿ ನಿಲ್ಲುವ, ರಾಂಪತ್ರೆ ಎಂಬ ಕಾಡು ಜಾಯಿಕಾಯಿ ಮರಗಳ ಕೆಸರಿನ ಕಾಡು. ಆ ಕೆಸರಿನಲ್ಲಿ ಗಾಳಿಯಾಡದ ಕಾರಣ ಮರದ ಬೇರುಗಳು ಮಡಿಸಿದ ಮಂಡಿಯ ಹಾಗೆ ನೀರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗಿಳಿಯುತ್ತವೆ. ಕಾಲಿಡುವಲ್ಲೆಲ್ಲ ಇಂಥ ಬೇರಿನ ಕುಣಿಕೆಗಳು ಸಿಗುತ್ತವೆ. ಇಲ್ಲಿನ ಬೀಜಗಳು ದೊಡ್ಡವು, ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುವಂಥವು, ಆದ್ದರಿಂದ ತಾಯಿಮರದ ನೆರಳು ಮತ್ತು ತೇವ ಎರಡೂ ಅವಕ್ಕೆ ಬೇಕು, ದೂರಕ್ಕೆ ಒಯ್ಯಲು ಮಂಗಟ್ಟೆಯಂಥ ಹಕ್ಕಿಯೂ ಬೇಕು. ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು 2000ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದಾಗ ಅದಕ್ಕೆ ಇದೇ ಊರಿನ ಹೆಸರಿಟ್ಟು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ನಮ್ಮ ಜಿಲ್ಲೆಯ ಒಂದು ಕಾನು, ಅಂದರೆ ದಟ್ಟ ಕಾಡು, ಸಸ್ಯಶಾಸ್ತ್ರದ ಹೆಸರಿನೊಳಗೆ ಸೇರಿಕೊಂಡಿರುವುದು ಹೆಮ್ಮೆಯ ಸಂಗತಿ.

ಜಡ್ಡಿಗಳನ್ನು ಬಸಿದು ಗದ್ದೆ, ಅಡಿಕೆ ತೋಟ ಮಾಡಿದ್ದು ಹಳೆಯ ಕಥೆ. ಮೇಲಿನ ಹಳ್ಳಕ್ಕೆ ಪೈಪು ಹಾಕಿ ನೀರನ್ನು ತಿರುಗಿಸಿದರೆ ಒಂದು ಮರವನ್ನೂ ಕಡಿಯದೆ ಅದೇ ಹಾನಿಯಾಗುತ್ತದೆ, ಮತ್ತು ಅದು ಕಣ್ಣಿಗೆ ಬೀಳಲು ವರ್ಷಗಳೇ ಬೇಕಾಗುತ್ತವೆ, ಏಕೆಂದರೆ ದೊಡ್ಡ ಮರಗಳು ಬಹುಕಾಲ ಹಸಿರಾಗಿಯೇ ನಿಂತಿರುತ್ತವೆ.

ಆದುದರಿಂದಲೇ ಆವಾಸವನ್ನು ಅಧ್ಯಯನ ಮಾಡುವವರು ಮರಗಳನ್ನು ಎಣಿಸಿ ಸುಮ್ಮನಾಗುವುದಿಲ್ಲ. ಹಳ್ಳದ ಗುಂಟ ಹಗ್ಗ ಹಿಡಿದು, ಸಾಮಾನ್ಯವಾಗಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕಗಳನ್ನು ಗುರುತಿಸಿ, ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ ಪ್ರತಿ ಮರದ ಸುತ್ತಳತೆಯನ್ನು ಟೇಪಿನಿಂದ ಅಳೆಯುತ್ತಾರೆ. ಅದರೊಳಗೇ ಸಣ್ಣ ಚೌಕಗಳನ್ನು ಮಾಡಿ, ಮಂಡಿಯೂರಿ ಕುಳಿತು ಸಸಿಗಳನ್ನೂ ಮೊಳಕೆಗಳನ್ನೂ ಎಣಿಸುತ್ತಾರೆ. ದಪ್ಪ ಮರಗಳಿದ್ದು ಅವುಗಳ ಸಸಿಗಳೇ ಕಾಣದಿದ್ದರೆ, ಆ ಮರಗಳ ಪಾಲಿಗೆ ಅದು ಆವಾಸವಾಗಿ ಉಳಿದಿಲ್ಲವೆಂಬುದರ ಬಲವಾದ ಸೂಚನೆ ಅದು.

ಒಂದೇ ಕಾಡು ಎಲ್ಲ ಜೀವಿಗಳಿಗೂ ಒಂದೇ ಆವಾಸವಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಸಿಂಗಳೀಕದ ವ್ಯಾಪ್ತಿಯ ಉತ್ತರದ ತುದಿ ಇರುವುದು ಶಿರಸಿ-ಹೊನ್ನಾವರ ಸೀಮೆಯಲ್ಲಿ. ಅವುಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಬದುಕಿನ ಬಹುಪಾಲನ್ನು ಮರದ ನೆತ್ತಿಯಲ್ಲೇ ಕಳೆಯುವ ಈ ಕೋತಿಗೆ ಕೊಂಬೆಗೆ ಕೊಂಬೆ ತಾಗಿರಬೇಕು. ಘಟ್ಟದ ರಸ್ತೆಯನ್ನು ಅಗಲ ಮಾಡಿದಾಗ ಮಂಗಟ್ಟೆ ಆ ತೆರವನ್ನು ಹಾರಿ ದಾಟುತ್ತದೆ. ಸಿಂಗಳೀಕದ ಗುಂಪಿಗೆ ಆಚೆ ಬದಿಯ ಹಲಸು, ಅತ್ತಿಗಳು ಕಣ್ಣೆದುರೇ ಇದ್ದೂ ಕೈಗೆ ಸಿಗದಂತಾಗಬಹುದು.