ಗಾರ್ಡನ್ ಪಕ್ಕ ಮನೆ ಮಾಡಿದರೆ ಡೆಂಗ್ಯೂ ಬರುತ್ತದಾ?

ಪ್ರಶ್ನೆ: ಕಲಬುರಗಿಗೆ ವರ್ಗವಾಗಿದೆ. ಇಬ್ಬರು ಸಣ್ಣ ಮಕ್ಕಳು, ಜೊತೆಗೆ ಅತ್ತೆಯವರು. ಪಬ್ಲಿಕ್ ಗಾರ್ಡನ್ ಹತ್ತಿರ ಬಾಡಿಗೆ ಮನೆ ಸಿಕ್ಕಿದೆ. ಓಣಿ ಶಾಂತವಾಗಿದೆ, ನಮಗೆ ಹಿಡಿಸಿದೆ. ಆದರೆ ಗಿಡ ಇದ್ದಲ್ಲಿ ಸೊಳ್ಳೆ ಜಾಸ್ತಿ, ಮಕ್ಕಳಿಗೆ ಡೆಂಗ್ಯೂ ಗ್ಯಾರಂಟಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಏನು ಮಾಡೋಣ?

ಮನೆ ಹಿಡಿಯಿರಿ.

ವರ್ಗಾವಣೆ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಅಪ್ಪನ ಕೆರೆ ಕಡೆ ಮನೆ ನೋಡುವವರೂ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಉತ್ತರ ಬರೆದರೂ ಈ ಭಯ ಹೋಗುತ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ.

ಗಾರ್ಡನ್ ಹತ್ತಿರದ ಓಣಿಯ ಸುಖ ನಿಮಗೆ ಹೇಳಬೇಕಾಗಿಲ್ಲ. ವಾಕಿಂಗ್‌ಗೆ ಗಾಡಿ ತೆಗೆಯಬೇಕಿಲ್ಲ. ಮಕ್ಕಳಿಗೆ ಓಡಲು ಜಾಗ, ಅತ್ತೆಯವರಿಗೆ ಕೂರಲು ನೆರಳು, ಮಾತಿಗೆ ಜೊತೆ. ಇಂಥ ಮನೆಯನ್ನು ಸೊಳ್ಳೆ ಹೆಸರಲ್ಲಿ ಬಿಟ್ಟು, ಒಂದು ಗಿಡವೂ ಇಲ್ಲದ ಹೊಸ ಲೇಔಟ್‌ಗೆ ಹೋದವರನ್ನು ಕಂಡಿದ್ದೇನೆ. ಡೆಂಗ್ಯೂ ಅಲ್ಲಿಗೂ ಬರುತ್ತದೆ.

ಡೆಂಗ್ಯೂ ಹರಡುವುದು ಮುಖ್ಯವಾಗಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಕರಿ ಮೈ, ಕಾಲ ಮೇಲೆ ಬಿಳಿ ಪಟ್ಟೆ. ಇದು ಕಾಡಿನ ಸೊಳ್ಳೆಯಲ್ಲ, ಮನೆಯ ಸೊಳ್ಳೆ. ಮನುಷ್ಯರ ರಕ್ತವೇ ಇದಕ್ಕೆ ಇಷ್ಟ. ಹಾಗಾಗಿ ಮಂಚದ ಕೆಳಗೆ, ಪರದೆ ಹಿಂದೆ, ನೇತು ಹಾಕಿದ ಬಟ್ಟೆಗಳ ನಡುವೆ ಕೂತಿರುತ್ತದೆ. ಮೊಟ್ಟೆ ಇಡುವುದು ನಿಂತ ತಿಳಿನೀರಿನಲ್ಲಿ, ಅದೂ ಡ್ರಮ್ಮು, ಟೈರು, ಕುಂಡದ ತಟ್ಟೆಯಂಥ ಜಾಗದಲ್ಲಿ. ಗಿಡದ ನೆರಳಲ್ಲಿ ಸೊಳ್ಳೆ ಕೂರುತ್ತದೆ, ನಿಜ. ಕೂರುವುದು ಬೇರೆ, ಹುಟ್ಟುವುದು ಬೇರೆ. ಎಲೆಯಲ್ಲಿ, ಹುಲ್ಲಿನಲ್ಲಿ ಯಾವ ಸೊಳ್ಳೆಯೂ ಹುಟ್ಟುವುದಿಲ್ಲ. ನೀರು ಬೇಕೇ ಬೇಕು.

ಆ ನೀರು ನಮ್ಮ ಊರಲ್ಲಿ ಎಲ್ಲಿದೆ? ನಮ್ಮ ಮನೆಯೊಳಗೇ ಇದೆ. ಎಲ್ಲ ಕಡೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು, ಡ್ರಮ್ಮು, ಬಕೆಟ್ಟು, ಕೊಡ ಎಲ್ಲ ತುಂಬಿಸಿ ಇಡುತ್ತೇವೆ. ಮುಂದಿನ ಸಲ ನೀರು ಬಂದಾಗ ಹಳೆ ನೀರಿನ ಮೇಲೇ ಹೊಸ ನೀರು ಬಿಡುತ್ತೇವೆ. ಡ್ರಮ್ಮಿನ ತಳ ಕಂಡು ಎಷ್ಟು ದಿನವಾಯಿತು ಅಂತ ಕೇಳಿದರೆ ಯಾರ ಮನೆಯಲ್ಲೂ ಉತ್ತರ ಸಿಗುವುದಿಲ್ಲ.

ಅದಕ್ಕಿಂತ ದೊಡ್ಡ ಜಾಗ ಕೂಲರ್. ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಇಲ್ಲಿ ನಿದ್ದೆ ಇಲ್ಲ. ಮೃಗಶಿರಾ ಮಳೆ ಬಿದ್ದು ತಂಪಾದ ಮೇಲೆ ಸ್ವಿಚ್ ಆಫ್ ಮಾಡುತ್ತೇವೆ, ತಳದ ನೀರು ಹಾಗೇ ಇರುತ್ತದೆ. ಒಂದು ಬದಿಯ ಹುಲ್ಲಿನ ಪ್ಯಾಡ್ ಬಿಚ್ಚಿ, ಟಾರ್ಚ್ ಹಾಕಿ ನೋಡಿ. ದಾರದ ತುಂಡಿನಂಥ ಸಣ್ಣ ಹುಳುಗಳು ತಲೆ ಕೆಳಗೆ ಮಾಡಿಕೊಂಡು ಜೋತು ಬಿದ್ದಿರುತ್ತವೆ. ಬೆಳಕು ಬಿದ್ದರೆ, ಟ್ರೇ ಅಲುಗಿದರೆ ನುಲಿಯುತ್ತಾ ತಳಕ್ಕೆ ಇಳಿಯುತ್ತವೆ. ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಉಸಿರಾಡಲು ಒಂದೊಂದೇ ಮೇಲೆ ಬರುತ್ತವೆ. ಅವೇ ಸೊಳ್ಳೆಯ ಮರಿಗಳು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು.

ನೀರು ಚೆಲ್ಲಿದರೆ ಮುಗಿಯಿತು ಅನ್ನಬೇಡಿ. ಈಡಿಸ್ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಳಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಮುಟ್ಟಿದ ದಿನ ಒಡೆಯುತ್ತವೆ. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮನ್ನೂ ಕೂಲರನ್ನೂ ಖಾಲಿ ಮಾಡಿ, ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ, ಬಿಸಿಲಿಗೆ ಒಣಗಿಸಬೇಕು. ಉಜ್ಜುವುದೇ ಮುಖ್ಯ.

ಇನ್ನೊಂದು ಮಾತು. ಈ ಸೊಳ್ಳೆ ದೂರ ಹಾರುವುದಿಲ್ಲ. 400 ಮೀಟರ್ ದಾಟುವುದು ಅಪರೂಪ, ಬಹಳಷ್ಟು ಸೊಳ್ಳೆಗಳು ಹುಟ್ಟಿದ ಮನೆಯ ಸುತ್ತಲೇ ಇರುತ್ತವೆ. ನಿಮ್ಮ ಮಗುವನ್ನು ಕಚ್ಚಿದ ಸೊಳ್ಳೆ ಹುಟ್ಟಿದ್ದು ನಿಮ್ಮ ಮನೆಯಲ್ಲೋ, ಪಕ್ಕದ ಮಾಳಿಗೆಯ ಮುಚ್ಚಳ ಇಲ್ಲದ ಟ್ಯಾಂಕಿನಲ್ಲೋ, ಎದುರಿಗೆ ಕಟ್ಟುತ್ತಿರುವ ಮನೆಯ ನೀರಿನ ತೊಟ್ಟಿಯಲ್ಲೋ ಇರಬೇಕು. ಬೈಸಿಕೊಳ್ಳುವುದು ಮಾತ್ರ ಗಾರ್ಡನ್.

ಹಾಗಂತ ಗಾರ್ಡನ್‌ನಲ್ಲಿ ಏನೂ ಇಲ್ಲ ಅಂತಲ್ಲ. ಎಸೆದ ಟೀ ಕಪ್ಪು, ಎಳನೀರಿನ ಬುರುಡೆಯಲ್ಲಿ ಮಳೆ ನೀರು ನಿಲ್ಲುತ್ತದೆ. ಈಡಿಸ್ ಕಚ್ಚುವುದು ಹಗಲು, ಅದರಲ್ಲೂ ಬೆಳಗ್ಗೆ ಮತ್ತು ಕತ್ತಲಾಗುವ ಮುಂಚೆ. ಮಕ್ಕಳು ಆಡುವ ಹೊತ್ತೂ ಅದೇ. ಮಳೆಗಾಲದಲ್ಲಿ ತುಂಬು ತೋಳಿನ ಅಂಗಿ, ಪೂರ್ತಿ ಪ್ಯಾಂಟ್ ಹಾಕಿ ಕಳಿಸಿ. ಆಟ ನಿಲ್ಲಿಸಬೇಡಿ.

ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು ಸಾಮಾನ್ಯವಾಗಿ ಬೇರೆ ಸೊಳ್ಳೆ, ಕ್ಯೂಲೆಕ್ಸ್. ಅದು ಚರಂಡಿಯ ಕೊಳೆ ನೀರಿನಲ್ಲಿ ಹುಟ್ಟುತ್ತದೆ. ಡೆಂಗ್ಯೂ ತರುವುದಿಲ್ಲ, ಆದರೆ ಆನೆಕಾಲು ರೋಗ ಹರಡುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ಕಂಡ ಜಿಲ್ಲೆಗಳೇ. ಆರೋಗ್ಯ ಇಲಾಖೆಯವರು ಅದರ ಮಾತ್ರೆ ತಂದರೆ ಅವರ ಎದುರೇ ನುಂಗಿ. ಎರಡು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ತೀರಾ ಕಾಯಿಲೆ ಇದ್ದವರಿಗೆ ಮಾತ್ರ ಕೊಡುವುದಿಲ್ಲ. ಮನೆ ನೋಡಲು ಹೋದಾಗ ಗಾರ್ಡನ್ ಎಷ್ಟು ಹತ್ತಿರ ಅಂತ ಅಳೆಯುವ ಬದಲು, ಬಾಗಿಲ ಮುಂದಿನ ಚರಂಡಿ ಹರಿಯುತ್ತಿದೆಯಾ ನಿಂತಿದೆಯಾ ನೋಡಿ.

ಹೊಗೆ ಹೊಡೆಸಿ ಅಂತ ಪಾಲಿಕೆಗೆ ಫೋನ್ ಮಾಡುವವರಿಗೂ ಒಂದು ಮಾತು. ಹೊಗೆಯಿಂದ ಸಾಯುವುದು ಹಾರುವ ಸೊಳ್ಳೆ. ನೀರಿನೊಳಗಿನ ಮರಿಗೆ ಏನೂ ಆಗುವುದಿಲ್ಲ, ವಾರದಲ್ಲಿ ಅವು ಹಾರುತ್ತವೆ. ಲಾರ್ವಾ ನೋಡಲು ಆಶಾ ಕಾರ್ಯಕರ್ತೆ ಬಂದಾಗ "ನಮ್ಮ ಮನೆ ಕ್ಲೀನ್ ಇದೆ" ಅಂತ ಬಾಗಿಲಲ್ಲೇ ಕಳಿಸಬೇಡಿ. ಈಡಿಸ್‌ಗೆ ಬೇಕಿರುವುದೇ ಕ್ಲೀನ್ ನೀರು.

ಇಷ್ಟೆಲ್ಲ ಕೇಳಿದಿರಿ, ಮನೆ ಯಾವ ಮಹಡಿಯಲ್ಲಿದೆ ಅಂತ ಮಾತ್ರ ಬರೆದಿಲ್ಲ. ನನಗೆ ಅದೇ ಚಿಂತೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಮಾಮೂಲು. ಮೇಲಿನ ಮಹಡಿಯಾದರೆ ಸ್ಲ್ಯಾಬ್ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಒಳಗೆ ಬಿಡುತ್ತದೆ. ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಕೆಳಗೆ ಬರುತ್ತದೆ. ಗಾರ್ಡನ್ ಹತ್ತಿರ ಇದೆ, ತಂಪಿರುತ್ತೆ ಅಂದುಕೊಳ್ಳಬೇಡಿ. ಮರಗಳ ತಂಪು ಅಂಚಿನ ಓಣಿಗಳಲ್ಲಿ ಗೊತ್ತಾಗುತ್ತದೆ, ನಿಮ್ಮ ನೆತ್ತಿ ಮೇಲಿನ ಸ್ಲ್ಯಾಬನ್ನು ಅದು ತಣಿಸುವುದಿಲ್ಲ. ಸಾಧ್ಯವಾದರೆ ಕೆಳಮಹಡಿ ಹಿಡಿಯಿರಿ. ಶಹಾಬಾದ್ ಕಲ್ಲು ಹಾಸಿದ ಹಳೆ ಮನೆಯಾದರೆ ಇನ್ನೂ ಒಳ್ಳೆಯದು. ಪಶ್ಚಿಮದ ಗೋಡೆಗೆ ಒಂದು ಬೇವಿನ ಗಿಡದ ನೆರಳಿದ್ದರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಬಿಡಬೇಡಿ. ಮೇಲಿನ ಮಹಡಿಯೇ ಗತಿ ಅಂದರೆ, ಮಾಳಿಗೆಗೆ ಬಿಳಿ ಸುಣ್ಣ ಹೊಡೆಸಿಕೊಡಲು ಮಾಲೀಕರನ್ನು ಕೇಳಿ. ಎದುರುಬದುರು ಕಿಟಕಿ ಇದೆಯಾ ಅಂತಲೂ ನೋಡಿ. ಗಾಳಿ ಹೊರಗೆ ಹೋಗಲು ದಾರಿ ಇಲ್ಲದ ಕೋಣೆಯಲ್ಲಿ ಕೂಲರ್ ಬರೀ ಜಿಗುಟು ಮಾಡುತ್ತದೆ.

ಮನೆ ನೋಡಲು ಬೆಳಗ್ಗೆ ಹೋಗಬೇಡಿ, ಮಧ್ಯಾಹ್ನ ಮೂರರ ಮೇಲೆ ಹೋಗಿ. ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ಸಂಪಿನ ಮುಚ್ಚಳ, ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರುತ್ತವಾ ನೋಡಿ. ಓವರ್‌ಫ್ಲೋ ಪೈಪಿನ ಬಾಯಿಗೆ ಸಣ್ಣ ಜಾಳಿಗೆ ಇಲ್ಲದಿದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಹಾಕಿಸಿಕೊಳ್ಳಿ. ಸಾಮಾನು ಇಳಿಸಿದ ಮೇಲೆ ಹೇಳಿದರೆ ಯಾರೂ ಮಾಡಿಸಿಕೊಡುವುದಿಲ್ಲ.